ಬೇಲಡುಬಿಯ ಬಿತ್ತನೆ

ನದಿಯ ಕಡೆಯಿಂದ ಡಂಗುರದ ಸದ್ದು ಕೇಳಿಬಂದಾಗ ದ್ರವಮಯಿಯ ಎರಡು ಕೈಗಳೂ ರೇಷ್ಮೆಹುಳುವಿನ ತಟ್ಟೆಯಲ್ಲಿದ್ದವು. ಹೊತ್ತು ಮೂಡುವ ಮೊದಲೇ ಹುಳುಗಳು ಹಣ್ಣಾಗತೊಡಗಿದ್ದವು. ಸೊಪ್ಪು ತಿನ್ನುವುದನ್ನು ಬಿಟ್ಟು, ಗಾಳಿಯಲ್ಲಿ ಏನನ್ನೋ ತಡಕುವಂತೆ ತಲೆ ತೂಗುತ್ತಿದ್ದವು. ಮೈಯೊಳಗಿನ ಹಸಿರೆಲ್ಲ ಇಳಿದುಹೋಗಿ ಖರ್ಜೂರದ ಹೊಸ ಬೆಲ್ಲದ ಪಾಕದಂತೆ ತಿಳಿಯಾಗಿದ್ದವು. ಅಂಥವನ್ನು ಆರಿಸಿ ಒಂದೊಂದಾಗಿ, ಗೂಡು ಕಟ್ಟಲೆಂದು ಹೆಣೆದ ಚಂದ್ರಿಕೆಯ ಬಿದಿರು ಸುರುಳಿಗೆ ಬಿಡಬೇಕು. ತಡವಾದರೆ ತಟ್ಟೆಯ ಕಸದಲ್ಲೇ ಗೂಡು ಕಟ್ಟಿ ನೂಲು ಹಾಳು. ಹಣ್ಣು ಹುಳುವನ್ನೂ ಮನೆಗೆ ಬಂದ ಅಳಿಯನನ್ನೂ ಕಾಯಿಸಬಾರದು ಎಂದು ಅವಳ ಅತ್ತೆ ಹೇಳುತ್ತಿದ್ದಳು. ಆದ್ದರಿಂದ ದ್ರವಮಯಿ ಏಳಲಿಲ್ಲ. ಸೊಸೆ ಸೌದಾಮಿನಿಗೆ, ಬೇಲಿಯ ತನಕ ಹೋಗಿ ಏನೆಂದು ಕೇಳಿಕೊಂಡು ಬಾ, ಒಳಗೆ ಬರುವ ಮುಂಚೆ ಕಾಲು ತೊಳೆ ಎಂದಳು.

ಸೊಸೆ ಬಂದು ಹೊಸ್ತಿಲಾಚೆಯೇ ನಿಂತು ಹೇಳಿದಳು. ಡಂಗುರ ಕಂಪನಿಯ ಕೋಠಿಯದು, ಅವರ ನೂಲಿನ ಕಾರ್ಖಾನೆಯದು. ಈ ಬೆಳೆಯಿಂದ ಯಾರೂ ಮನೆಯಲ್ಲಿ ನೂಲು ಬಿಚ್ಚಬಾರದಂತೆ. ಗೂಡು ಬಿಡಿಸಿದ ಕೂಡಲೇ ಇದ್ದದ್ದಿದ್ದ ಹಾಗೆ ಕೋಠಿಗೆ ಒಪ್ಪಿಸಬೇಕಂತೆ. ನೂಲು ತೆಗೆಯಲು ಬಲ್ಲವರು ಬೆಳಿಗ್ಗೆ ಅಲ್ಲಿಗೇ ಹೋಗಿ ಸಂಜೆ ಬರಬೇಕಂತೆ. ಗೂಡು ಬೇಯಿಸಿ ನೂಲು ಬಿಚ್ಚುವ ಮನೆಮನೆಯ ಒಲೆಗಳನ್ನು ಕೆಡವಲು ಐದನೆಯ ದಿನ ಕಂಪನಿಯ ಪರವಾಗಿ ಮಾಲು ಕೊಳ್ಳುವ ಗೋಮಸ್ತಾನೇ ಜನರನ್ನು ಕರೆದುಕೊಂಡು ಬರುತ್ತಾನಂತೆ.

ದ್ರವಮಯಿ ಕೇಳುತ್ತಲೇ ಒಂದು ಹುಳುವನ್ನೆತ್ತಿ ಬೆಳಕಿಗೆ ಹಿಡಿದಳು. ಇನ್ನೂ ಹಣ್ಣಾಗಿರಲಿಲ್ಲ. ಅದನ್ನು ತಿರುಗಿ ಸೊಪ್ಪಿಗೆ ಬಿಟ್ಟಳು.

"ಕಾಲು ತೊಳೆದೆಯಾ?" ಎಂದು ಕೇಳಿದಳು.

"ಹ್ಞೂಂ ಅಮ್ಮ."

"ಹಾಗಾದ್ರೆ ಬಂದು ಆ ಕಡೆ ತಟ್ಟೆ ಹಿಡಿ. ಕೇಳಿದ್ದು ಆಯ್ತಲ್ಲ."

ಬೇಲಡುಬಿಯಲ್ಲಿ ಆ ಮನೆಯ ನೂಲಿಗೆ ಒಂದು ಹೆಸರಿತ್ತು. ದ್ರವಮಯಿಯ ಅತ್ತೆಯ ಕಾಲದಲ್ಲಿ ಬೇಲಿಯಾಚೆಯ ಗಾಬಿನ ಮರದ ಕೆಳಗೆ ದೇಶದೇಶದ ವ್ಯಾಪಾರಿಗಳು ನಿಲ್ಲುತ್ತಿದ್ದರು. ಉದ್ದ ಟೋಪಿಯ ಅರ್ಮೇನಿಗಳು, ಸೂರತ್ತಿನಿಂದ ಬಂದ ಗುಜರಾತಿಗಳು, ಡಚ್ಚರು, ಫ್ರೆಂಚರು, ಅವರ ನಡುವೆ ಈ ಕಂಪನಿಯ ಕೆಂಪು ಮುಖದ ಸಾಹೇಬನೂ ಒಬ್ಬ. ಎಲ್ಲರಿಗೂ ಒಂದೇ ಚಾಪೆ, ಒಂದೇ ನೆರಳು. ಹುಳು ಇರುವ ಮನೆ. ಅನ್ಯರ ವಾಸನೆ, ಹೊಗೆಸೊಪ್ಪು, ಚರ್ಮದ ಚಡಾವು ಬೇಲಿ ದಾಟುವಂತಿಲ್ಲ. ಅತ್ತೆ ಲಡಿಯನ್ನು ಬಿಸಿಲಿಗೆ ಹಿಡಿದು ತೋರಿಸಿ, ತನ್ನ ಬೆಲೆ ಹೇಳಿ, ಒಳಗೆ ಹೋಗಿಬಿಡುತ್ತಿದ್ದಳು. ಒಪ್ಪದವರು ಹೋಗಬಹುದಿತ್ತು. ಸಾಹೇಬ ಒಂದು ಸಲ ಮುನಿಸಿಕೊಂಡು ದೋಣಿ ಹತ್ತಿದವನು, ಹುಣ್ಣಿಮೆ ಕಳೆಯುವುದರೊಳಗೆ ಜಾಯಿಕಾಯಿಯ ಪೊಟ್ಟಣ ಹಿಡಿದು ತಿರುಗಿ ಬಂದಿದ್ದ. ಹೊಸ ಸೊಸೆಯಾಗಿದ್ದ ದ್ರವಮಯಿ ಗೋಡೆಯ ಸಂದಿನಿಂದ ನೋಡಿ ನಕ್ಕಿದ್ದಳು.

ಆಮೇಲೆ ಪಲಾಶಿಯ ಮಾವಿನತೋಪಿನಲ್ಲಿ ಕಂಪನಿಗೂ ನವಾಬನಿಗೂ ಏನೋ ಯುದ್ಧವಾಯಿತು ಎಂದರು. ಬೇಲಡುಬಿಗೆ ಫಿರಂಗಿಯ ಸದ್ದು ಕೇಳಲಿಲ್ಲ. ಕಂಡದ್ದೆಂದರೆ ಗಾಬಿನ ಮರದ ನೆರಳು ತೆರವಾದದ್ದು. ಮೊದಲು ಫ್ರೆಂಚರು ಬರುವುದು ನಿಂತಿತು. ಗುಜರಾತಿಗಳ ದೋಣಿಗಳನ್ನು ಕೆಳಗಿನ ಸುಂಕದಕಟ್ಟೆಯಲ್ಲೇ ಹಿಡಿದರು. ಅರ್ಮೇನಿ ಮುದುಕ ಒಮ್ಮೆ ಬರಿಗೈಯಲ್ಲಿ ಬಂದು, ಅತ್ತೆ ತೀರಿಕೊಂಡದ್ದಕ್ಕೆ ಮರುಗಿ, ಒಂದು ಲೋಟ ಮಜ್ಜಿಗೆ ಕುಡಿದು ಹೋದವನು ಮತ್ತೆ ಕಾಣಲಿಲ್ಲ. ಕಂಪನಿಯ ಜನ ಮಾತ್ರ ಉಳಿದರು. ಒಂದು ವರ್ಷ ಅವರು ಬೇಲಿಗೆ ಒರಗಿ ಮಾತಾಡಿದರು. ಇನ್ನೊಂದು ವರ್ಷ ಅಂಗಳಕ್ಕೆ ಬಂದರು. ಬಾದಶಹ ಬಂಗಾಳದ ಕಂದಾಯ ಎತ್ತುವ ಅಧಿಕಾರವನ್ನೇ ಅವರಿಗೆ ಬಿಟ್ಟುಕೊಟ್ಟನಂತೆ ಎಂಬ ಸುದ್ದಿ ಬಂದ ವರ್ಷ ಗೋಮಸ್ತಾ ಜಗಲಿಯ ಮೇಲೆ, ಉದ್ಧವ ಮಂಡಲ ಕೂರುವ ಜಾಗದಲ್ಲಿ, ಕೇಳದೆಯೇ ಕೂತಿದ್ದ.

ಉದ್ಧವ ಮಂಡಲ ದ್ರವಮಯಿಯ ಗಂಡ. ಊರಿಗೆ ಮುಖ್ಯಸ್ಥ. ಮಾತು ಕಡಿಮೆ, ಜಗಳವೆಂದರೆ ಆಗದವನು, ಎರಡು ಮನೆಗಳ ನಡುವಿನ ಸೊಪ್ಪಿನ ತಂಟೆಯನ್ನು ದಿನವಿಡೀ ಕೂತು ತಣ್ಣಗೆ ಬಿಡಿಸುವವನು. ಡಂಗುರ ಕೇಳಿ ದಡಕ್ಕೆ ಹೋಗಿದ್ದವನು ಮಧ್ಯಾಹ್ನ ಬಂದು ಕೈಕಾಲು ತೊಳೆದು ಜಗಲಿಯ ಕಂಬಕ್ಕೆ ಒರಗಿದ. ದ್ರವಮಯಿ ಹುಳುಮನೆಯಿಂದ ಹೊರಗೆ ಬಂದು ಅವನ ಮುಂದೆ ನೀರಿಟ್ಟಳು. ಒಲೆ ಕೆಡವಲು ಬಿಡುತ್ತೀರಾ ಎಂದು ಕೇಳಿದಳು. ಬಿಡದೆ ಮಾಡುವುದೇನು ಎಂದ. ಮುಂಗಡ ಹಿಡಿದವರ ಮೇಲೆ ಹುಕುಂ ನಡೆಯಲಿ, ನಮ್ಮ ಮನೆ ಯಾವತ್ತೂ ಅವರ ಮುಂಗಡ ಮುಟ್ಟಿಲ್ಲವಲ್ಲ ಎಂದಳು.

ಉದ್ಧವ ನೀರು ಕುಡಿದು ಲೋಟ ಬೋರಲಿಟ್ಟ. "ಆ ಕಾಲ ಹೋಯ್ತು ಕಣೆ. ಆಗ ಒಲ್ಲೆ ಅಂದ್ರೆ ವ್ಯಾಪಾರಿಗೆ ಒಲ್ಲೆ ಅಂದ ಹಾಗೆ. ಈಗ ಒಲ್ಲೆ ಅಂದ್ರೆ ದೊರೆಗೇ ಒಲ್ಲೆ ಅಂದ ಹಾಗೆ. ಅಂಗಡಿನೂ ಅವರದೇ, ಚಾವಡಿನೂ ಅವರದೇ."

"ಇರೋಕೆ ಎಡೆ ಕೊಟ್ರೆ ಮನೆಯೆಲ್ಲ ನಂದೇ ಅಂದನಂತೆ."

"ಅಂದ. ಅನ್ನೋವಾಗ ನಾವೇ ಚಾಪೆ ಹಾಸಿ ಕೂರಿಸಿದ್ವಿ" ಎಂದು ಉದ್ಧವ ಕಣ್ಣು ಮುಚ್ಚಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ದ್ರವಮಯಿಗೆ ಅದೇ ಹೆಚ್ಚು ನೋವಾಯಿತು.

ಇಳಿಹೊತ್ತಿಗೆ ಖ್ಯಾಂತ ಹಣ್ಣು ಹುಳು ಆರಿಸಿಕೊಡಲು ಬಂದಳು. ಪಕ್ಕದ ಮನೆಯ ಬಾಲವಿಧವೆ, ನೂಲು ತೆಗೆಯುವುದನ್ನು ದ್ರವಮಯಿಯ ಮಗ್ಗುಲಲ್ಲೇ ಕೂತು ಕಲಿತವಳು. ಭಾದ್ರಪದದ ಬೆಳೆಯಲ್ಲಿ, ಮನೆಯಲ್ಲಿ ಅಕ್ಕಿ ತೀರಿದ್ದರಿಂದ, ಯಾರೂ ಹೇಳುವ ಮುಂಚೆಯೇ ಕೋಠಿಗೆ ಹೋಗಿ ಕೂತು ಬಂದಿದ್ದಳು. ಅದರ ಸುದ್ದಿ ಎತ್ತಿರಲಿಲ್ಲ. ಇವತ್ತು ದ್ರವಮಯಿಯೇ ಕೇಳಿದಳು, ಅಲ್ಲಿ ಹೇಗೆ ಎಂದು. ಖ್ಯಾಂತ ಕೈ ನಿಲ್ಲಿಸದೆ ಹೇಳಿದಳು. ಉದ್ದನೆಯ ಸೂರು. ಸಾಲಾಗಿ ಬಾಣಲೆಗಳು. ಬೆಂಕಿ ನೋಡುವವನು ಒಬ್ಬ, ನೂಲು ನೋಡುವವನು ಒಬ್ಬ, ಕೂತವರನ್ನು ನೋಡುವವನು ಒಬ್ಬ. ಕೊನೆಯವನ ಕೈಯಲ್ಲಿ ಬೆತ್ತ. ಅನ್ನ ಹೊತ್ತಿಗೆ ಸರಿಯಾಗಿ ಕೊಡುತ್ತಾರೆ, ಸುಳ್ಳು ಹೇಳಬಾರದು.

"ನೂಲು ಅಲ್ಲೂ ಅದೇ ನೂಲು ಕಾಕಿ. ಸಾಯಂಕಾಲ ಬಾಗಿಲಲ್ಲಿ ಮುಡಿ ಬಿಚ್ಚಿ ನಿಲ್ಲಬೇಕು, ಅಷ್ಟೇ."

"ಯಾಕೆ?"

"ಒಳಗೆ ಎಳೆ ಸುತ್ತಿಕೊಂಡು ಹೋಗ್ತೀವೇನೋ ಅಂತ. ಕೂದಲಲ್ಲಿ ಕೈ ಹಾಕಿ ನೋಡ್ತಾರೆ."

"ಹೆಂಗಸರು ನೋಡ್ತಾರಾ?"

ಖ್ಯಾಂತ ಒಂದು ಹುಳುವನ್ನೆತ್ತಿ ಚಂದ್ರಿಕೆಗೆ ಬಿಟ್ಟಳು. ಅದು ಸುರುಳಿಯ ಮೂಲೆ ಹಿಡಿದು, ಆಚೀಚೆ ತಲೆ ಆಡಿಸಿ, ಮೊದಲ ಎಳೆ ಹಾಕಿತು. ಬೆಳಗಿನಿಂದ ನಿಲ್ಲದಿದ್ದ ದ್ರವಮಯಿಯ ಕೈ ಆಗ ನಿಂತಿತು. ಅವಳು ಬಹಳ ಹೊತ್ತು ಖ್ಯಾಂತಳ ಹಿಂದಲೆಯನ್ನು, ಅಲ್ಲಿ ಬಿಗಿಯಾಗಿ ಕಟ್ಟಿದ್ದ ಪುಟ್ಟ ಗಂಟನ್ನು ನೋಡುತ್ತ ಕೂತಳು. ಆಮೇಲೆ ಎದ್ದು ಹೋಗಿ ಅವಳಿಗೆ ಹುರಿಯಕ್ಕಿಯೂ ಬೆಲ್ಲವೂ ತಂದುಕೊಟ್ಟಳು.

ಮರುದಿನವೆಲ್ಲ ಹುಳುಗಳು ಗೂಡು ಕಟ್ಟಿದವು. ಗೂಡು ಕಟ್ಟುವ ದಿನ ಹುಳುಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ತೆಳ್ಳನೆಯ ಬಿಳಿ ಮಂಜಿನೊಳಗೆ ಹುಳು ಕಾಣುತ್ತದೆ, ಮಸುಕಾಗುತ್ತದೆ, ಮರೆಯಾಗುತ್ತದೆ. ಈ ಸಲದ ಗೂಡು ಗಟ್ಟಿಯಾಗಿ ಬಂದಿತ್ತು. ಕೆಳಸೀಮೆಯಲ್ಲಿ ಆಶ್ವೀಜದ ನೆರೆ ಹಿಪ್ಪುನೇರಳೆ ತೋಟಗಳನ್ನೇ ನುಂಗಿ, ಸೊಪ್ಪಿಲ್ಲದೆ ಅಲ್ಲಿನವರ ಹುಳು ತಟ್ಟೆಯಲ್ಲೇ ಸತ್ತಿತ್ತು. ಆ ಕಡೆ ಬಿತ್ತನೆಗೆ ಒಂದು ಗೂಡೂ ಉಳಿದಿಲ್ಲವೆಂದು ದೋಣಿಯವರು ಹೇಳುತ್ತಿದ್ದರು. ಬೇಲಡುಬಿ ಎತ್ತರದ ನೆಲ; ಅಲ್ಲಿಗೆ ನೀರು ಏರಿರಲಿಲ್ಲ.

ಮೂರನೆಯ ದಿನ, ಚಿಟ್ಟೆಯಾಗಿ ಮೊಟ್ಟೆಯಿಡಲೆಂದು ಕೆಲವು ಗೂಡನ್ನು ಬಿತ್ತನೆಗೆ ಎತ್ತಿಡುವ ದಿನ. ಮನೆಯೊಡತಿ ನದಿಯಲ್ಲಿ ಮಿಂದು, ಒದ್ದೆಗೂದಲಲ್ಲೇ ಬಂದು, ಎಲ್ಲ ಚಂದ್ರಿಕೆಗಳನ್ನೂ ನೋಡಿ, ಮೇಲಾದ ಒಂದನ್ನು ಆರಿಸಿ ಅದರ ಬಿದಿರಿನ ಅಂಚಿಗೆ ಸಿಂಧೂರ ಇಡುತ್ತಾಳೆ. ಇಟ್ಟಮೇಲೆ ಆ ಗೂಡು ಆ ಮನೆಯದಲ್ಲ. ಒಂದು ಊರಿನ ಬಿತ್ತನೆ ಅದೇ ಊರಿಗೆ ಆಗಿಬರುವುದಿಲ್ಲ. ಹೊಳೆ ದಾಟಿ ಬಂದವರಿಗೆ ಕೊಡಬೇಕು. ಬರುವವರು ಒಪ್ಪೊತ್ತಿನಲ್ಲಿದ್ದು, ಬರಿಗಾಲಲ್ಲಿ ನಡೆದು, ಬೇಲಿಯ ಹೊರಗೆ ನಿಲ್ಲುತ್ತಾರೆ. ಅವರಿಗೆ ಇಲ್ಲವೆನ್ನುವುದು ಬಾಯಾರಿದವನಿಗೆ ನೀರಿಲ್ಲವೆಂದ ಹಾಗೆ. ಇನ್ನು ಸಿಂಧೂರ ಬಿದ್ದ ಗೂಡನ್ನು ನೂಲಿಗಾಗಿ ಬಿಸಿಲಿಗೋ ಹಬೆಗೋ ಹಾಕಿ ಒಳಗಿನ ಹುಳುವನ್ನು ಸಾಯಿಸುವುದೆಂದರೆ ಬಸುರಿಯನ್ನು ಕೊಂದ ಪಾಪ; ಹುಳು ಸಾಕುವ ಕುಲದಲ್ಲಿ ಹುಟ್ಟಿದವನು ಯಾರೂ ಆ ಕೆಲಸಕ್ಕೆ ಕೈಹಾಕಲಾರ.

ದ್ರವಮಯಿ ಮಿಂದು ಬಂದಳು. ಸೌದಾಮಿನಿ ಸಿಂಧೂರದ ಡಬ್ಬಿ ಹಿಡಿದು ಹಿಂದೆ ನಿಂತಳು. ಎಲ್ಲವನ್ನೂ ನೋಡಿ, ಕಿಟಕಿಯ ಪಕ್ಕದ ಚಂದ್ರಿಕೆಗೆ ಬೊಟ್ಟಿಟ್ಟು, ನಿಮ್ಮ ಮಕ್ಕಳು ನಮ್ಮ ಮಕ್ಕಳು ಎಂದು ಎಂದಿನಂತೆ ಹೇಳಿದಳು. ಸೊಸೆ ಡಬ್ಬಿ ಮುಚ್ಚಲು ಹೋದಳು. ದ್ರವಮಯಿ ಕೈ ಚಾಚಿದಳು. ಬೆರಳದ್ದಿ ಎರಡನೆಯದಕ್ಕೂ ಇಟ್ಟಳು. ಮೂರನೆಯದಕ್ಕೂ.

"ಅಮ್ಮಾ" ಎಂದಳು ಸೊಸೆ.

"ಗೂಡೆಲ್ಲ ಚೆನ್ನಾಗೇ ಬಂದಿದೆ. ಯಾವುದನ್ನ ಬಿಡಲಿ ಹೇಳು."

"ಎಲ್ಲಾ ಬಿತ್ತನೆ ಆದ್ರೆ ನೂಲಿಗೆ?"

"ಚಿಟ್ಟೆ ಹೊರಟಮೇಲೆ ಬರಿಗೂಡು ಕೊಟ್ಟ ಮನೆಗೆ ತಿರುಗಿ ಬರ್ತದಲ್ಲ, ಅದ್ರಲ್ಲಿ ತಕಲಿ ನೂಲು ಬರ್ತದೆ. ದಪ್ಪ ಬರ್ತದೆ, ಬರಲಿ. ಮನೇಲಿ ಕೂತು ತೆಗೀಬಹುದು."

ಸೌದಾಮಿನಿ ಅತ್ತೆಯ ಕೈಯನ್ನು ನೋಡಿದಳು. ಊರಿನಲ್ಲೇ ಸಣ್ಣ ನೂಲು ತೆಗೆಯುವ ಕೈ ಅದು. ಗಾಳಿಗೆ ಹಿಡಿದರೆ ಇದೆಯೋ ಇಲ್ಲವೋ ಎನ್ನುವಂಥ ಎಳೆ ತೆಗೆದ ಬೆರಳು. ತಕಲಿ ನೂಲು ಬೆರಳು ಕುಂದಿದ ಮುದುಕಿಯರ ಕೆಲಸ. ಹಿಂದಿನ ಸಾಲಿಗೆ ಬರುವಾಗ ಡಬ್ಬಿ ಬರಿದಾಯಿತು. ದ್ರವಮಯಿ ತಿರುಗಿ ನೋಡಿದಾಗ ಸೊಸೆ ಅಲ್ಲಿರಲಿಲ್ಲ. ಹೆದರಿ ಮಾವನನ್ನು ಕರೆಯಲು ಹೋದಳೇನೋ ಎಂದುಕೊಳ್ಳುವಷ್ಟರಲ್ಲಿ ಅವಳು ತನ್ನ ಮದುವೆಯ ಡಬ್ಬಿಯನ್ನು ಸೆರಗಿನಲ್ಲಿ ಹಿಡಿದು ಬಂದಳು. ಮುಚ್ಚಳ ತೆಗೆದು ಒಡ್ಡಿದಳು.

ಉದ್ಧವ ಸೊಪ್ಪಿನ ತೋಟದಿಂದ ಬಂದವನು ಬಾಗಿಲಲ್ಲಿ ನಿಂತು ಕಂಡ. ಹುಳುಮನೆಯಲ್ಲಿ ಗಟ್ಟಿಯಾಗಿ ಮಾತಾಡುವಂತಿಲ್ಲವಾದ್ದರಿಂದ ಆ ಗಂಡಹೆಂಡಿರ ಜಗಳ ಪಿಸುಮಾತಿನಲ್ಲೇ ನಡೆಯಿತು. ಒಂದು ವರ್ಷದ ಅನ್ನವನ್ನು ಒಂದು ಬೆರಳಿನಲ್ಲಿ ಅಳಿಸಿಬಿಟ್ಟೆಯಲ್ಲ ಎಂದ ಅವನು. ಅಳಿಸಿಲ್ಲ, ಕೆಳಸೀಮೆಯವರಿಗೆ ಕೊಟ್ಟಿದ್ದೇನೆ ಎಂದಳು ಅವಳು. ನೀನು ಒಂದು ಮನೆಯ ಒಡತಿ, ನಾನು ಇಡೀ ಊರಿಗೆ ಉತ್ತರ ಹೇಳಬೇಕಾದವನು, ನಿನ್ನ ಸಿಂಧೂರಕ್ಕೆ ನನ್ನ ಬೆನ್ನು ಬೆಲೆ ಕೊಡಬೇಕಾಗುತ್ತದೆ ಎಂದ. ಅದು ನಿಜವೆಂದು ದ್ರವಮಯಿಗೆ ಗೊತ್ತಿತ್ತು. ಅವಳು ಖ್ಯಾಂತಳ ಮಾತನ್ನು ಹೇಳಿದಳು, ಮುಡಿ ಬಿಚ್ಚಿ ನಿಲ್ಲಿಸುವ ಮಾತನ್ನು. ಉದ್ಧವ ಕೇಳಿ ಹೊರಗೆ ಹೋದ. ಅವತ್ತು ಅವನು ಉಣ್ಣಲಿಲ್ಲ.

ಸುದ್ದಿ ನಿಲ್ಲುವಂಥದ್ದಲ್ಲ. ನೆರೆಯ ಹೆಂಗಸರು ಒಬ್ಬೊಬ್ಬರಾಗಿ ಕಾಲು ತೊಳೆದು ಬಂದು ನೋಡಿದರು. ಸಾಲುಸಾಲು ಚಂದ್ರಿಕೆ, ಸಾಲುಸಾಲು ಕೆಂಪು ಬೊಟ್ಟು. ಯಾರೂ ಏಕೆಂದು ಕೇಳಲಿಲ್ಲ. ಒಬ್ಬ ಮುದುಕಿ ಮಾತ್ರ, ಏನೇ ದ್ರವ, ಊರ ಹುಳುವಿಗೆಲ್ಲ ಮದುವೆ ಮಾಡಿಸ್ತೀಯಾ, ದಿಬ್ಬಣಕ್ಕೆ ಅನ್ನ ಎಲ್ಲಿಂದ ತರ್ತೀಯಾ ಎಂದು ಕಿಚಾಯಿಸಿದಳು. ಆದರೆ ಆ ಮುದುಕಿಯೇ ಮೊದಲು ನದಿಗೆ ಮೀಯಲು ಹೋದದ್ದು. ಹೊತ್ತು ನೆತ್ತಿಗೆ ಬರುವಾಗ ದಡದ ಮೆಟ್ಟಿಲೆಲ್ಲ ಒದ್ದೆಯಾಗಿತ್ತು. ವಿಧವೆಯಾದ ಖ್ಯಾಂತ ಸಿಂಧೂರ ಇಡುವಂತಿರಲಿಲ್ಲ; ಸೌದಾಮಿನಿ ಹೋಗಿ ಅವಳ ಪಾಲಿನ ಒಂದೇ ಚಂದ್ರಿಕೆಗೂ ಇಟ್ಟು ಬಂದಳು.

ಐದನೆಯ ದಿನ ಕಾಶೀಶ್ವರ ದತ್ತ ಬಂದ. ಕಂಪನಿಯ ಗೋಮಸ್ತಾ. ಪಟ್ಟಣದ ಕಾಯಸ್ಥ, ಹುಡುಗನಾಗಿದ್ದಾಗ ಸಾಹೇಬನ ಛತ್ರಿ ಹಿಡಿದು ಇದೇ ಗಾಬಿನ ಮರದ ಕೆಳಗೆ ನಿಂತವನು. ದ್ರವಮಯಿಯನ್ನು ಬೌದಿ ಎಂದು ಅತ್ತಿಗೆಯ ವರಸೆಯಲ್ಲಿ ಕರೆದು ಹುರಿಯಕ್ಕಿ ಇಸಿದುಕೊಂಡು ತಿಂದವನು. ಈಗ ಅವನ ಭುಜದ ಮೇಲೆ ಕಾಶ್ಮೀರದ ಶಾಲಿತ್ತು. ಹಿಂದೆ ಲಾಠಿ ಹಿಡಿದ ಪಶ್ಚಿಮದ ಇಬ್ಬರು ಪ್ಯಾದೆಗಳು. ಅವರ ಹಿಂದೆ ಬುಟ್ಟಿ, ಅಡ್ಡೆ ಹೊತ್ತ ಕೋಠಿಯ ಆಳುಗಳು, ಹುಳು ಸಾಕುವ ಕುಲದವರೇ. ಅವರ ಮೇಸ್ತ್ರಿ ನಫರ. ನಫರ ಆಚೆ ಊರಿನವನು, ದ್ರವಮಯಿಯ ಅಕ್ಕನ ಮಗ.

ಗೋಮಸ್ತಾ ಮೊದಲು ಒಲೆ ಕೆಡವಿಸಿದ. ಹುಳುಮನೆಯ ಹಿಂದಿನ ಮಾಡಿನಲ್ಲಿದ್ದ ಮಣ್ಣಿನ ಒಲೆ ಅದು. ಅತ್ತೆ ಹಾಕಿದ್ದು, ವರ್ಷವರ್ಷ ಸಾರಿಸಿ ಸಾರಿಸಿ ಕಲ್ಲಿನ ಹಾಗಾಗಿತ್ತು. ಪ್ಯಾದೆಗಳು ಎರಡು ಮೂರು ಏಟು ಹಾಕಬೇಕಾಯಿತು. ದ್ರವಮಯಿ ನೋಡುತ್ತ ನಿಂತಳು. ಒಳಗಿನ ಮಸಿ ಹಿಡಿದ ಮಣ್ಣು ಹೊರಬಿದ್ದಾಗ ಒಂದು ಸಲ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಷ್ಟೇ.

"ನನ್ನ ಮೇಲೆ ಸಿಟ್ಟು ಮಾಡ್ಕೋಬೇಡಿ ಬೌದಿ. ಹುಕುಂ ನಂದಲ್ಲ" ಎಂದ ಗೋಮಸ್ತಾ. "ಎಲ್ಲಾ ಕಡೆ ಕೆಡವ್ತಾ ಇದ್ದೀವಿ. ಗೂಡು ತರಿಸಿ, ಹೊತ್ತಾಯ್ತು."

"ಗೂಡು ಒಳಗಿದೆ. ತಗೊಂಡು ಹೋಗೋರು ತಗೊಂಡು ಹೋಗಲಿ" ಎಂದಳು ದ್ರವಮಯಿ. "ಚಡಾವು ಮಾತ್ರ ಹೊರಗೆ ಬಿಡಬೇಕು."

ಗೋಮಸ್ತಾ ನಕ್ಕು ನಫರನಿಗೆ ಕಣ್ಣಿನಲ್ಲೇ ಹೇಳಿದ. ನಫರ ಕಾಲು ತೊಳೆದು ಒಳಗೆ ಹೋದ. ಹೋದವನು ಬಹಳ ಹೊತ್ತು ಬರಲಿಲ್ಲ. ಅಂಗಳದಲ್ಲಿ ಊರಿನ ಗಂಡಸರು ಬಂದು ನಿಂತಿದ್ದರು, ಬೇಲಿಗುಂಟ ಹೆಂಗಸರು. ನಫರ ಬರಿಗೈಯಲ್ಲಿ ಹೊರಗೆ ಬಂದ. ತಲೆಯ ಸಿಂಬೆ ತೆಗೆದು ಜಗಲಿಯ ಮೇಲಿಟ್ಟ. ಹೆಗಲ ಅಡ್ಡೆಯನ್ನು ಗೋಡೆಗೆ ಒರಗಿಸಿದ.

"ಇದು ಎತ್ತೋ ಹಾಗಿಲ್ಲ ಕರ್ತಾ" ಎಂದ.

"ಯಾಕೆ, ಭಾರವೋ?"

"ಬಿತ್ತನೆ. ಎಲ್ಲಾ ಬಿತ್ತನೆ."

ಗೋಮಸ್ತಾನಿಗೆ ಮೊದಲು ಅರ್ಥವಾಗಲಿಲ್ಲ. ಬಾಗಿಲ ತನಕ ಹೋಗಿ ಇಣುಕಿದ. ಸಾಲುಸಾಲಾಗಿ ಕೆಂಪು ಬೊಟ್ಟು ಕಂಡು, ಇದೇನು ಆಟ ಎಂದು ತಿರುಗಿದ. ಪಕ್ಕದ ಮನೆಯದನ್ನು ಎತ್ತಿ ಎಂದ. ಆಳುಗಳು ಹೋಗಿ ನೋಡಿ ಬಂದು ನಿಂತರು. ಅದರ ಪಕ್ಕದ್ದು ಎಂದ. ಅಲ್ಲೂ ಹಾಗೇ. ಆಳುಗಳೆಲ್ಲ ಒಬ್ಬೊಬ್ಬರಾಗಿ ಬುಟ್ಟಿಗಳನ್ನು ನೆಲಕ್ಕೆ ಇಳಿಸಿದರು. ಅವರಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಗೋಮಸ್ತಾ ಪ್ಯಾದೆಗೆ ಹೊರಲು ಹೇಳಿದ. ಪ್ಯಾದೆ ದೂರದೇಶದವನು, ಅವನಿಗೆ ಸಿಂಧೂರದ ಹಂಗಿಲ್ಲ. ಲಾಠಿಯನ್ನು ಕಂಕುಳಲ್ಲಿ ಸಿಕ್ಕಿಸಿ ಮುಂದೆ ಬಂದ.

ಆಗ ನಫರ, ಯಾರಿಗೂ ಅಲ್ಲವೆಂಬಂತೆ, "ಹೊರಬಹುದು. ಹೊತ್ತು ಕೋಠಿಗೂ ಸೇರಿಸಬಹುದು. ಅಲ್ಲಿ ಹಬೆಗೆ ಹಾಕೋನು ಯಾರು?" ಎಂದ. "ಹಬೆ ಹಾಕೋರೂ ನಾವೇ, ಬಾಣಲೆ ಮುಂದೆ ಕೂರೋರೂ ನಮ್ಮ ಹೆಂಗಸರೇ. ಇಟ್ಟು ನೋಡ್ತಾ ಕೂತ್ರೆ ಚಿಟ್ಟೆ ಆಗಿ ಎದ್ದು ಬರ್ತವೆ. ಸಾಹೇಬರ ಗೋದಾಮಿನ ತುಂಬ ಚಿಟ್ಟೆ."

ಬೇಲಿಯ ಕಡೆ ಯಾರೋ ಹೆಂಗಸು ಕಿಸಕ್ಕನೆ ನಕ್ಕಳು. ಆ ನಗೆಯೇ ಗೋಮಸ್ತಾನನ್ನು ಚುಚ್ಚಿದ್ದು. ಅವನ ದನಿ ಬದಲಾಯಿತು. ಬೌದಿ ಎನ್ನುವುದು ಬಿಟ್ಟುಹೋಯಿತು. ಕಂಪನಿಯ ಮಾಲನ್ನು ಕೆಡಿಸಿದ್ದು ರಾಜದ್ರೋಹ, ಸಿಂಧೂರ ಇಡಿಸಿದ್ದು ಯಾರು ಎಂದು ನನಗೆ ಈಗಲೇ ಗೊತ್ತಾಗಬೇಕು ಎಂದ. ದ್ರವಮಯಿ ಜಗಲಿಯಿಂದ ಇಳಿದಳು. ಅವಳು ಬಾಯಿ ತೆರೆಯುವ ಮೊದಲೇ ಉದ್ಧವ ಎದ್ದು ನಿಂತಿದ್ದ.

ಅವನು ಬೆಳಗಿನಿಂದ ಜಗಲಿಯ ಕಂಬದ ಮಗ್ಗುಲಲ್ಲೇ ಕೂತಿದ್ದ. ಎದ್ದವನು ಮೆಲ್ಲನೆ ಹೆಗಲ ಬಟ್ಟೆ ಸರಿಮಾಡಿಕೊಂಡ. ಎರಡು ಮನೆಯ ತಂಟೆ ಬಿಡಿಸಲು ಹೊರಡುವಾಗ ಹೇಗೋ ಹಾಗೆ.

"ನಾನು ಇಡಿಸಿದ್ದು" ಎಂದ.

"ಮಂಡಲರೇ, ನೀವಲ್ಲ ಅಂತ ನನಗೆ ಗೊತ್ತು" ಎಂದ ಗೋಮಸ್ತಾ.

"ನನ್ನ ಮನೇಲಿ ನನ್ನ ಮಾತಿಲ್ದೆ ಸಿಂಧೂರ ಬೀಳ್ತದಾ? ಊರಿಗೆ ಹೇಳಿದ್ದೂ ನಾನೇ. ಕೆಳಸೀಮೆಲಿ ಬೀಜ ಇಲ್ಲ. ಕೇಳ್ಕೊಂಡು ಬರೋರಿಗೆ ಇಲ್ಲ ಅಂದ ಊರಲ್ಲ ಇದು, ನಮ್ಮಪ್ಪನ ಕಾಲದಿಂದಲೂ. ಕಂಪನಿ ಮೊನ್ನೆ ಬಂತು." ಅವನು ಜಗಲಿ ಇಳಿದ. "ನಡೀರಿ. ಸಾಹೇಬರ ಮುಂದೂ ಇದೇ ಹೇಳ್ತೀನಿ."

ಮುಂದೆ ಉದ್ಧವನೇ ನಡೆದ. ಪ್ಯಾದೆಗಳು ಅವನ ಹಿಂದೆ ಹೋಗಬೇಕಾಯಿತು. ಬೇಲಿಯ ಬಾಗಿಲಲ್ಲಿ ಹೆಂಗಸರು ಸರಿದು ದಾರಿ ಬಿಟ್ಟರು. ಮೂವತ್ತು ವರ್ಷಕ್ಕೂ ಮಿಕ್ಕಿ ಸಂಸಾರ ಮಾಡಿದ ದ್ರವಮಯಿಗೆ ತನ್ನ ಗಂಡನ ಬೆನ್ನು ಅಷ್ಟು ನೆಟ್ಟಗಿದೆಯೆಂದು ಗೊತ್ತಿರಲಿಲ್ಲ. ಆ ಬೆನ್ನಿನ ಮೇಲೆ ಏನು ಬೀಳಲಿದೆಯೆಂಬುದು ಮಾತ್ರ ಗೊತ್ತಿತ್ತು. ಅವಳು ಅಳಲಿಲ್ಲ. ಅವನು ತಿರುವಿನಲ್ಲಿ ಮರೆಯಾದಮೇಲೆ ಒಲೆಯ ಮಣ್ಣನ್ನು ಬುಟ್ಟಿಗೆ ತುಂಬಿ ಹಿತ್ತಲಿಗೆ ಸಾಗಿಸಿದಳು.

ಕೋಠಿಯಲ್ಲಿ ಏನಾಯಿತೆಂಬುದನ್ನು ಉದ್ಧವ ಯಾವತ್ತೂ ಹೇಳಲಿಲ್ಲ. ನಫರ ಹೇಳಿದ. ಕಂಬಕ್ಕೆ ಕಟ್ಟಿದರು. ಬೆತ್ತ ಬಿದ್ದಷ್ಟು ಹೊತ್ತು ಮುದುಕ ಹಲ್ಲು ಕಚ್ಚಿಕೊಂಡಿದ್ದ. ಮಾರನೆಯ ಬೆಳಿಗ್ಗೆ ಸೂರಿನಡಿ ಕೂತ ಹೆಂಗಸರು, ಆ ಊರಿನವರು ಈ ಊರಿನವರು ಎನ್ನದೆ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಬಾಣಲೆಯ ನೀರು ಕುದಿದು ಕುದಿದು ಬತ್ತಿತು. ಬೈದರೂ ಬೆತ್ತ ಎತ್ತಿದರೂ ಯಾರ ಕೈಯೂ ನೀರಿಗಿಳಿಯಲಿಲ್ಲ. ಮಂಡಲರನ್ನು ಬಿಟ್ಟರೆ ಇಳಿಯುತ್ತದೆ ಎಂದು ಕೂಡ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸಂಜೆಗೆ ಕಟ್ಟು ಬಿಚ್ಚಿದರು. ಚೈತ್ರದ ಬೆಳೆಗೆ ಸಿಪಾಯಿಗಳನ್ನೇ ಹುಳುಮನೆಯ ಬಾಗಿಲಿಗೆ ನಿಲ್ಲಿಸುತ್ತೇವೆ ಎಂದು ಹೇಳಿ ಕಳಿಸಿದರು.

ಉದ್ಧವ ಮನೆಗೆ ಬಂದು ಜಗಲಿಯ ಮೇಲೆ ಬೋರಲು ಮಲಗಿದ. ದ್ರವಮಯಿ ಅರಿಶಿನವೂ ಬೇವೂ ಅರೆದು ಬೆನ್ನಿಗೆ ಹಚ್ಚಿದಳು. ಒಂದು ಬಾಸುಂಡೆಯ ಮೇಲೆ ಬೆರಳು ಜೋರಾಗಿ ಒತ್ತಿತು.

"ಮೆಲ್ಲಗೆ. ನೂಲು ತೆಗೆಯೋ ಕೈಯಲ್ವಾ ಅದು" ಎಂದ.

"ಇನ್ನೆಲ್ಲಿಯ ನೂಲು. ತಕಲಿ ಹಿಡಿಯೋ ಮುದುಕಿ ಆದೆ."

"ಹಾಗಾದ್ರೆ ಜೋಡಿ ಸರಿಹೋಯ್ತು ಬಿಡು." ಅವನು ತೋಳಿನ ಮೇಲೆ ಗಲ್ಲ ಊರಿದ. "ಚೈತ್ರಕ್ಕೆ ಬರ್ತಾರೆ."

"ಚೈತ್ರದ್ದು ಚೈತ್ರಕ್ಕೆ" ಎಂದಳು ಅವಳು. ಅರೆದು ಉಳಿದದ್ದನ್ನು ಬೆರಳಲ್ಲಿ ಬಳಿದು ಬೆನ್ನಿಗೆ ಹಚ್ಚಿದಳು.

ಮರುದಿನ ಮಂಜು ಕರಗುವ ಮುಂಚೆ ಸೌದಾಮಿನಿ ಬೇಲಿಗೆ ನೀರು ಚಿಮುಕಿಸಲು ಹೋದವಳು ಹಾಗೇ ಓಡಿಬಂದಳು. ದ್ರವಮಯಿ ಹೊರಗೆ ಬಂದು ನೋಡಿದಳು. ಬೇಲಿಯಾಚೆ ಜನ ನಿಂತಿದ್ದರು. ಒದ್ದೆ ಪಂಚೆ, ಬರಿಗಾಲು, ಹೆಗಲ ಮೇಲೆ ಅಡ್ಡೆ, ಅಡ್ಡೆಯ ಎರಡು ತುದಿಗೆ ಬಿಡಿಯಾಗಿ ಹೆಣೆದ ಖಾಲಿ ಬುಟ್ಟಿ. ಕೆಳಸೀಮೆಯವರು. ಬೇಲಡುಬಿ ಎಲ್ಲವನ್ನೂ ಬಿತ್ತನೆಗೆ ಇಟ್ಟಿದೆಯೆಂಬ ಸುದ್ದಿ ದೋಣಿಯಿಂದ ದೋಣಿಗೆ ಇಳಿದುಹೋಗಿತ್ತು. ಪದ್ಧತಿಯಂತೆ ತಲೆ ತಗ್ಗಿಸಿ ನಿಂತಿದ್ದರು.

ಉದ್ಧವ ಕಂಬ ಹಿಡಿದು ಎದ್ದು, ಎಲ್ಲರಿಗೂ ಕೊಡು ಎಂದಷ್ಟೇ ಹೇಳಿದ. ಹಗಲೆಲ್ಲ ಕೊಟ್ಟರು, ಆ ಮನೆ, ಈ ಮನೆ, ಖ್ಯಾಂತಳ ಮನೆ. ಬಂದವರು ಅಂಗಳದ ಕೊನೆಯಲ್ಲಿ ಒಂದು ವೀಳ್ಯ, ಒಂದು ಹಿಡಿ ಅಕ್ಕಿ ಇಟ್ಟು, ಗೂಡು ತುಂಬಿದ ಬುಟ್ಟಿಗೆ ಕೈಮುಗಿದು ಹೆಗಲಿಗೇರಿಸಿದರು. ಒಮ್ಮೆ ಏರಿಸಿದರೆ ತಮ್ಮ ಊರು ಮುಟ್ಟುವ ತನಕ ನೆಲಕ್ಕೆ ತಾಗಿಸುವಂತಿಲ್ಲ. ಹೆಗಲು ಸೋತರೆ ಇನ್ನೊಬ್ಬರ ಹೆಗಲಿಗೆ.

ಕೊನೆಗೆ ಬಂದವನು ಒಂಟಿ. ಕೆಳಸೀಮೆಯದಲ್ಲದ ಅವನ ಮಾತಿನ ಎಳೆತವನ್ನು ಬೇಲಡುಬಿಯಲ್ಲಿ ಯಾರೂ ಹಿಂದೆ ಕೇಳಿರಲಿಲ್ಲ. ಎಲ್ಲಿಯವನೆಂದು ಕೇಳುವ ಕ್ರಮವಿಲ್ಲವಾದ್ದರಿಂದ ಯಾರೂ ಕೇಳಲಿಲ್ಲ. ದ್ರವಮಯಿ ಅವನ ಬುಟ್ಟಿಗಳನ್ನು ತಾನೇ ತುಂಬಿಕೊಟ್ಟಳು. ಅವನು ಹೊತ್ತು, ಹಿಂತಿರುಗಿ ನೋಡದೆ, ಹಿಪ್ಪುನೇರಳೆಯ ತೋಟ ದಾಟಿ ಸಾಸಿವೆಯ ಹೊಲಕ್ಕೆ ಇಳಿದ. ಸಾಸಿವೆ ಹೂಬಿಟ್ಟು ಆಳೆತ್ತರ ನಿಂತಿತ್ತು; ಬುಟ್ಟಿ ಗಿಡಕ್ಕೆ ತಾಗದಂತೆ ಅವನು ಅಡ್ಡೆಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದ. ಆ ಹಳದಿಯೊಳಗೆ ಮನುಷ್ಯ ಬೇಗನೆ ಮುಳುಗಿಹೋದ. ಹೂವಿನ ಮೇಲೆ ಬಿಳಿ ಗೂಡು ತುಂಬಿದ ಆ ಎರಡು ಬುಟ್ಟಿಗಳು ಮಾತ್ರ ಒಂದರ ಹಿಂದೊಂದು ತೂಗಾಡುತ್ತ, ತೂಗಾಡುತ್ತ, ದೂರದ ಹೊಳೆಯ ಕಡೆಗೆ ಹೋಗುತ್ತಿದ್ದವು.